ಕೋವಿಡ್ ಬಂದು ಹೋದವರಿಗೆ ಬೂಸ್ಟರ್ ಬೇಕೇ? ಮನೆಯೊಳಗಿನ ಒಂದು ವಾದ

ಪ್ರಶ್ನೆ: ಮೈಸೂರಿನ ಓದುಗ

ನಮ್ಮ ಮನೆಯಲ್ಲಿ 2022ರಿಂದ ಮುಗಿಯದೆ ಉಳಿದಿರುವ ವಾದವೊಂದನ್ನು ತಿಳಿದವರ ಮುಂದಿಡುತ್ತಿದ್ದೇನೆ. ನನ್ನ ತಂದೆಯವರಿಗೆ ಈಗ 71 ವರ್ಷ. ಸಕ್ಕರೆ ಕಾಯಿಲೆ ಅವರಿಗೆ ಹಳೆಯ ನೆಂಟ. 2021ರ ಮೇ ತಿಂಗಳಲ್ಲಿ ಎರಡನೇ ಅಲೆ ಜೋರಾಗಿದ್ದಾಗ ಅವರಿಗೆ ಕೋವಿಡ್ ಬಂದು, ಒಂಬತ್ತು ದಿನ ಆಕ್ಸಿಜನ್ ಮೇಲಿದ್ದು, ಹನ್ನೊಂದು ಕೆ.ಜಿ. ಇಳಿದು ಮನೆಗೆ ಮರಳಿದರು. ಗುಣವಾದ ಮೇಲೆ ಮೂರು ತಿಂಗಳು ಕಳೆಯುವವರೆಗೆ ಲಸಿಕೆಯನ್ನು ಮುಂದೂಡಬೇಕೆಂಬ ಸೂಚನೆ ಆಗ ಇದ್ದುದರಿಂದ, ಆಗಸ್ಟ್ ಕೊನೆಯಲ್ಲಿ ಕೋವಿಶೀಲ್ಡ್‌ನ ಮೊದಲ ಡೋಸನ್ನೂ 84 ದಿನ ಬಿಟ್ಟು ನವೆಂಬರ್‌ನಲ್ಲಿ ಎರಡನೆಯದನ್ನೂ ಹಾಕಿಸಿದೆವು.

2022ರ ಜುಲೈನಲ್ಲಿ ಎರಡನೇ ಡೋಸಿಗೂ ಮುನ್ನೆಚ್ಚರಿಕೆ ಡೋಸಿಗೂ (ಬೂಸ್ಟರಿಗೆ ಸರ್ಕಾರ ಇಟ್ಟ ಹೆಸರು) ನಡುವಿನ ಅಂತರವನ್ನು ಸರ್ಕಾರ ಒಂಬತ್ತು ತಿಂಗಳಿಂದ ಆರಕ್ಕೆ ಇಳಿಸಿದಾಗ ತಂದೆಯವರ ಸರದಿ ಬಂತು. ಆಗ ಅಣ್ಣ ಅಡ್ಡ ಬಂದ. ರೋಗ ಬಂದು ಹೋದ ದೇಹ ಇಡೀ ವೈರಸ್ಸನ್ನು ಕಂಡಿರುತ್ತದೆ, ಲಸಿಕೆ ಅದರ ಮೈಮೇಲಿನ ಮುಳ್ಳನ್ನಷ್ಟೇ ತೋರಿಸುತ್ತದೆ, ಆದ್ದರಿಂದ ನೈಸರ್ಗಿಕವಾಗಿ ಬಂದ ರೋಗನಿರೋಧಕ ಶಕ್ತಿಯೇ ಮೇಲು, ಇಸ್ರೇಲ್‌ನ ಅಧ್ಯಯನವೇ ಹಾಗೆ ಹೇಳಿದೆ ಎಂಬುದು ಅವನ ವಾದ. ಅತ್ತಿಗೆ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಮಾವನವರಿಗೆ ಆಕ್ಸಿಜನ್ ಬೆಡ್ ಸಿಕ್ಕಿದ್ದೇ ಅದೃಷ್ಟ, ಎರಡನೇ ಸಲ ಅದೃಷ್ಟವನ್ನು ನಂಬಿ ಕೂರಲು ತಾನು ಸಿದ್ಧಳಿಲ್ಲ ಎಂದು ಅವರು ಹೇಳುತ್ತಿದ್ದರು. ಗಂಡ ಹೆಂಡಿರ ಜಗಳದಲ್ಲಿ ತಂದೆಯವರ ಮೂರನೇ ಡೋಸು ಹಾಗೆಯೇ ಉಳಿಯಿತು. ನಾನು ಮಾತ್ರ ಅದಕ್ಕೂ ಮೊದಲೇ, ಆ ಏಪ್ರಿಲ್ ಕೊನೆಯಲ್ಲಿ, ಖಾಸಗಿ ಆಸ್ಪತ್ರೆಯೊಂದರಲ್ಲಿ 386 ರೂಪಾಯಿ ತೆತ್ತು ಕೋವ್ಯಾಕ್ಸಿನ್‌ನ ಮೂರನೇ ಡೋಸ್ ಹಾಕಿಸಿಕೊಂಡಿದ್ದೆ. ಜನವರಿಯಲ್ಲಷ್ಟೇ ನನಗೂ ನನ್ನ ಹೆಂಡತಿಗೂ ಒಮೈಕ್ರಾನ್ ಅಲೆಯಲ್ಲಿ ಪಾಸಿಟಿವ್ ಬಂದಿತ್ತಾದ್ದರಿಂದ, ಪುಕ್ಕಟೆಯಾಗಿ ಸಿಕ್ಕಿದ್ದಕ್ಕೆ ಮತ್ತೆ ದುಡ್ಡು ಕೊಟ್ಟ ಮಹಾನುಭಾವ ಎಂದು ಅಣ್ಣ ಈಗಲೂ ಹಂಗಿಸುತ್ತಾನೆ.

2025ರ ಮೇ–ಜೂನ್‌ನಲ್ಲಿ ಪ್ರಕರಣಗಳು ಮತ್ತೆ ಏರಿದ ಸುದ್ದಿ ಬಂದಾಗಿನಿಂದ ವಾದ ಪುನಃ ಎದ್ದಿದೆ. ನನಗೆ ಗೆದ್ದವರು ಯಾರೆಂಬ ತೀರ್ಪು ಬೇಡ. ರೋಗದಿಂದ ಬಂದ ಶಕ್ತಿ ಲಸಿಕೆಯದ್ದಕ್ಕಿಂತ ನಿಜವಾಗಿಯೂ ಹೆಚ್ಚೇ, ಹೆಚ್ಚಾದರೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಎಲ್ಲರಿಗೂ ಒಂದೇ ಸಮನೆ ಬೂಸ್ಟರ್ ಹೇಳಿದ್ದೇಕೆ, ಮತ್ತು ಈಗ ತಂದೆಯವರ ವಿಷಯದಲ್ಲಿ ನಾವು ಏನನ್ನು ಯೋಚಿಸಬೇಕು ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ: ನಿವೃತ್ತ ಸೂಕ್ಷ್ಮಜೀವಿಶಾಸ್ತ್ರ ಅಧ್ಯಾಪಕ

ನಿಮ್ಮ ಅಣ್ಣನವರ ಮಾತಿನಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ಯವಿದೆ. ಅದನ್ನು ಒಪ್ಪಿಕೊಳ್ಳದೆ ಅವರೊಡನೆ ವಾದಕ್ಕಿಳಿದರೆ ಯಾರಿಗೂ ಪ್ರಯೋಜನವಿಲ್ಲ. ಸೋಂಕು ಮೂಗು, ಗಂಟಲುಗಳ ಒಳಪೊರೆಯ ಮೂಲಕ ಬರುವುದರಿಂದ ಅಲ್ಲಿಯೇ ಐಜಿಎ ಎಂಬ ಬಗೆಯ ಪ್ರತಿಕಾಯಗಳು, ಅಂದರೆ ವೈರಸ್ಸಿಗೆ ಅಂಟಿಕೊಂಡು ಅದನ್ನು ತಡೆಯುವ ಪ್ರೋಟೀನುಗಳು, ಹುಟ್ಟುತ್ತವೆ. ತೋಳಿಗೆ ಚುಚ್ಚುವ ಲಸಿಕೆ ರಕ್ತದಲ್ಲಿ ಪ್ರತಿಕಾಯಗಳನ್ನು ಧಾರಾಳವಾಗಿ ಹುಟ್ಟಿಸುತ್ತದೆಯಾದರೂ ಮೂಗಿನ ಬಾಗಿಲಿನಲ್ಲಿ ಅಷ್ಟೊಂದು ಕಾವಲು ಇಡುವುದಿಲ್ಲ. ಭಾರತ್ ಬಯೋಟೆಕ್‌ನವರು 2023ರ ಜನವರಿಯಲ್ಲಿ ಇನ್‌ಕೋವ್ಯಾಕ್ ಎಂಬ ಮೂಗಿನ ಹನಿಯನ್ನು ಹೊರತಂದದ್ದು ಈ ಕೊರತೆಯನ್ನು ತುಂಬುವ ಆಸೆಯಿಂದಲೇ. ವೈರಸ್ಸಿನ ಮುಳ್ಳನ್ನು ಮಾತ್ರ ತೋರಿಸುತ್ತದೆ ಎಂಬ ಆಕ್ಷೇಪಣೆ ಕೋವಿಶೀಲ್ಡ್‌ಗೆ ಸಲ್ಲುತ್ತದೆ, ನೀವು ಹಾಕಿಸಿಕೊಂಡ ಕೋವ್ಯಾಕ್ಸಿನ್‌ಗೆ ಸಲ್ಲುವುದಿಲ್ಲ. ಅದು ನಿಷ್ಕ್ರಿಯಗೊಳಿಸಿದ ಇಡೀ ವೈರಸ್ಸಿನಿಂದಲೇ ಮಾಡಿದ ಲಸಿಕೆ. ಹಂಗಿಸುವಾಗ ಅಣ್ಣನವರು ಇದನ್ನು ನೆನಪಿಡಲಿ.

ಆದರೆ ರೋಗದಿಂದ ಬಂದ ಶಕ್ತಿ ಯಾವಾಗಲೂ ಮೇಲು ಎಂಬುದು ಪ್ರಕೃತಿಯ ನಿಯಮವಲ್ಲ, ಅದು ರೋಗದಿಂದ ರೋಗಕ್ಕೆ ಬದಲಾಗುತ್ತದೆ. ದಡಾರ ಒಮ್ಮೆ ಬಂದು ಹೋದರೆ ಸಾಮಾನ್ಯವಾಗಿ ಜೀವಮಾನವಿಡೀ ಮತ್ತೆ ಬಾರದು. ಧನುರ್ವಾಯುವಿನ ಕಥೆ ಇದಕ್ಕೆ ತದ್ವಿರುದ್ಧ: ಮನುಷ್ಯನನ್ನು ಕೊಲ್ಲಲು ಸಾಕಾಗುವ ಅದರ ವಿಷದ ಪ್ರಮಾಣ ರೋಗನಿರೋಧಕ ವ್ಯವಸ್ಥೆಯನ್ನು ಎಚ್ಚರಿಸಲು ಸಾಲದಷ್ಟು ಕಡಿಮೆ ಇರುವುದರಿಂದ, ಧನುರ್ವಾಯುವಿನಿಂದ ಬದುಕಿ ಬಂದವರಿಗೂ ಲಸಿಕೆಯನ್ನು ಮೊದಲಿನಿಂದ ಹಾಕಬೇಕಾಗುತ್ತದೆ. ಡೆಂಗಿಯಲ್ಲಂತೂ ಒಮ್ಮೆ ಬಂದು ಹೋದದ್ದೇ ಮುಂದಿನ ಸಲ ಇನ್ನೊಂದು ಬಗೆಯ ಡೆಂಗಿ ತಗುಲಿದಾಗ ಅಪಾಯವನ್ನು ಹೆಚ್ಚಿಸಬಹುದು. ಈ ಮೂರರಲ್ಲಿ ಕೋವಿಡ್ ಯಾವುದರ ಹಾಗೂ ಇಲ್ಲ. ಅದರ ವಿಷಯದಲ್ಲಿ ಲೆಕ್ಕವನ್ನೇ ನೋಡಬೇಕು.

ಇಸ್ರೇಲ್‌ನ ಅಧ್ಯಯನ 2021ರ ಆಗಸ್ಟ್‌ನಲ್ಲಿ ಹೊರಬಂತು. 2021ರ ಜನವರಿ–ಫೆಬ್ರವರಿಯಲ್ಲಿ ಫೈಜರ್‌ನ ಎರಡು ಡೋಸ್ ಪಡೆದವರನ್ನೂ ಅದೇ ಎರಡು ತಿಂಗಳಲ್ಲಿ ಸೋಂಕು ತಗುಲಿ ಗುಣವಾಗಿ, ಲಸಿಕೆ ಪಡೆಯದೆ ಇದ್ದವರನ್ನೂ ಹೋಲಿಸಿ ನೋಡಿದಾಗ, ಡೆಲ್ಟಾ ಅಲೆಯಲ್ಲಿ ಲಸಿಕೆ ಪಡೆದವರಿಗೆ ಸೋಂಕು ತಗುಲುವ ಸಂಭವ ಸುಮಾರು 13 ಪಟ್ಟು ಹೆಚ್ಚಿತ್ತು. ಸಂಖ್ಯೆ ನಿಜ. ಅದೇ ಬರಹದ ಮುಂದಿನ ಭಾಗವನ್ನು ಮಾತ್ರ ಹೆಚ್ಚಿನವರು ಓದಲಿಲ್ಲ: ಸೋಂಕಿನಿಂದ ಗುಣವಾದ ಮೇಲೆ ಒಂದೇ ಒಂದು ಡೋಸ್ ಹಾಕಿಸಿಕೊಂಡವರಿಗೆ ಮರುಸೋಂಕಿನ ಸಂಭವ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಇನ್ನೊಂದು ಮಾತು, ಇಂಥ ಹೋಲಿಕೆಗಳೆಲ್ಲ ಮೊದಲ ಸೋಂಕಿನಿಂದ ಬದುಕಿ ಬಂದವರಿಂದ ಶುರುವಾಗುತ್ತವೆ. ಮೊದಲ ಸೋಂಕಿನಲ್ಲೇ ತೀರಿಹೋದವರಿಗೆ ಆ ಕೋಷ್ಟಕದಲ್ಲಿ ಸಾಲೇ ಇಲ್ಲ.

ಒಮೈಕ್ರಾನ್ ಬಂದ ಮೇಲೆ ಎರಡೂ ಪಕ್ಷಗಳ ಲೆಕ್ಕ ತಲೆಕೆಳಗಾಯಿತು. ಭಾರತದ ಮೊದಲ ಎರಡು ಒಮೈಕ್ರಾನ್ ಪ್ರಕರಣಗಳು ಪ್ರಕಟವಾದದ್ದು ನಮ್ಮ ಬೆಂಗಳೂರಿನಿಂದಲೇ, 2021ರ ಡಿಸೆಂಬರ್ 2ರಂದು. ಆ ಇಬ್ಬರಲ್ಲಿ ಒಬ್ಬರು ಎರಡೂ ಡೋಸ್ ಪಡೆದಿದ್ದ, ವಿದೇಶಕ್ಕೇ ಹೋಗಿರದ 46 ವರ್ಷದ ವೈದ್ಯರು. ಆಮೇಲಿನ ವಾರಗಳಲ್ಲಿ ಲಸಿಕೆ ಪಡೆದವರನ್ನೂ ರೋಗ ಬಂದು ಹೋದವರನ್ನೂ ಅದು ಒಂದೇ ಸಮನೆ ತಗುಲಿತು. 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆ 19 ದೇಶಗಳ 65 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದನ್ನು ಪ್ರಕಟಿಸಿತು. ಹಿಂದೊಮ್ಮೆ ಸೋಂಕು ತಗುಲಿದ್ದವರಿಗೆ 40 ವಾರಗಳ ನಂತರ ಡೆಲ್ಟಾವರೆಗಿನ ರೂಪಾಂತರಿಗಳ ಮರುಸೋಂಕಿನಿಂದ ಶೇ 78.6ರಷ್ಟು ರಕ್ಷಣೆ ಇದ್ದರೆ, ಒಮೈಕ್ರಾನ್‌ನ ಮೊದಲ ರೂಪದೆದುರು ಅದು ಶೇ 36.1ಕ್ಕೆ ಕುಸಿದಿತ್ತು. ಆದರೆ ಉಲ್ಬಣಗೊಂಡ ಕಾಯಿಲೆಯಿಂದ ಸಿಗುವ ರಕ್ಷಣೆ ಅದೇ 40 ವಾರಗಳ ನಂತರವೂ ಒಮೈಕ್ರಾನ್‌ನೆದುರು ಶೇ 88.9ರಷ್ಟೇ ಗಟ್ಟಿಯಾಗಿ ಉಳಿದಿತ್ತು.

ನನ್ನ ದೃಷ್ಟಿಯಲ್ಲಿ ಇಡೀ ವಾದದ ಗಂಟು ಇರುವುದು ಇಲ್ಲಿಯೇ. ರಕ್ಷಣೆ ಎಂಬ ಒಂದೇ ಮಾತಿನಲ್ಲಿ ನಾವು ಎರಡು ಬೇರೆ ಸಂಗತಿಗಳನ್ನು ಹೇಳುತ್ತಿದ್ದೇವೆ. ಸೋಂಕು ತಗುಲದಂತೆ ತಡೆಯುವುದು ರಕ್ತದಲ್ಲೂ ಒಳಪೊರೆಯಲ್ಲೂ ಆ ಹೊತ್ತಿಗೆ ಓಡಾಡುತ್ತಿರುವ ಪ್ರತಿಕಾಯಗಳ ಕೆಲಸ. ಅವು ರೋಗದಿಂದ ಬಂದಿರಲಿ, ಲಸಿಕೆಯಿಂದ ಬಂದಿರಲಿ, ತಿಂಗಳುಗಳಲ್ಲಿ ಇಳಿಯುತ್ತವೆ. ಇಳಿಯದಿದ್ದರೆ ಬಾಲ್ಯದಿಂದ ಬಂದ ಸೋಂಕುಗಳ ಪ್ರತಿಕಾಯಗಳೇ ತುಂಬಿ ರಕ್ತ ಗಸಿಯಾಗಬೇಕಿತ್ತು. ಸೋಂಕು ತಗುಲಿದ ಮೇಲೆ ಅದು ಶ್ವಾಸಕೋಶಕ್ಕೆ ಇಳಿಯದಂತೆ ನೋಡಿಕೊಳ್ಳುವುದು ಹಿಂದೆ ಕಂಡ ವೈರಸ್ಸನ್ನು ಗುರುತಿಟ್ಟುಕೊಳ್ಳುವ ನೆನಪಿನ ಕೋಶಗಳ ಮತ್ತು ಸೋಂಕು ತಗುಲಿದ ಕೋಶಗಳನ್ನು ಕೊಲ್ಲುವ ಟಿ ಕೋಶಗಳ ಕೆಲಸ, ಅವು ಬಹುಕಾಲ ಉಳಿಯುತ್ತವೆ. ಬೂಸ್ಟರ್ ಮೊದಲನೆಯದನ್ನು ಕೆಲವು ತಿಂಗಳು ಚೆನ್ನಾಗಿ ಏರಿಸುತ್ತದೆ. ಎರಡನೆಯದು ಈಗಾಗಲೇ ಗಟ್ಟಿಯಾಗಿರುವ ಯುವಕನಲ್ಲಿ ಅದು ಕೂಡಿಸುವುದು ಅಲ್ಪ, ವಯಸ್ಸಾದವರಲ್ಲಿ ಗಣನೀಯ. ಅಂದಹಾಗೆ, ಪ್ರತಿಕಾಯದ ಮಟ್ಟ ಎಷ್ಟಿದೆ ಎಂದು ಲ್ಯಾಬಿನಲ್ಲಿ ದುಡ್ಡು ಕೊಟ್ಟು ನೋಡಿಸಿಕೊಂಡು ಬರುವವರು ಈಗಲೂ ಇದ್ದಾರೆ. ಆ ಅಂಕಿಯಿಂದ ಬೂಸ್ಟರ್ ಬೇಕೋ ಬೇಡವೋ ಎಂದು ತೀರ್ಮಾನಿಸಲು ಬರುವುದಿಲ್ಲ, ತಂದೆಯವರಿಗೆ ಅದನ್ನು ಮಾಡಿಸಲು ಹೋಗಬೇಡಿ.

ನಿಮಗೊಂದು ಮರುಪ್ರಶ್ನೆ. 2022ರ ಜನವರಿಯಲ್ಲಿ ನಿಮಗೂ ನಿಮ್ಮ ಮನೆಯವರಿಗೂ ಪಾಸಿಟಿವ್ ಬಂದಾಗ ತಂದೆಯವರು ಅದೇ ಮನೆಯಲ್ಲಿದ್ದರೇ? ಅವರಿಗೆ ಜ್ವರ ಬಂದಿತ್ತೇ?

ಉತ್ತರ: ತುಮಕೂರಿನ ವಕೀಲ

ಅಧ್ಯಾಪಕರ ವಿವರಣೆಯನ್ನು ಒಪ್ಪುತ್ತೇನೆ. ನಾನು ನಿಮ್ಮ ಎರಡನೇ ಪ್ರಶ್ನೆಗೆ, ಅಂದರೆ ಬಂದು ಹೋದ ರೋಗವನ್ನು ಲೆಕ್ಕಕ್ಕೆ ಏಕೆ ತೆಗೆದುಕೊಳ್ಳಲಿಲ್ಲ ಎಂಬುದಕ್ಕೆ ಮಾತ್ರ ಉತ್ತರಿಸುತ್ತೇನೆ, ಏಕೆಂದರೆ ಆ ಲೆಕ್ಕದ ಹೊರಗೆ ಬಿದ್ದವರಲ್ಲಿ ನಾನೂ ಒಬ್ಬ.

2021ರ ಜುಲೈನಲ್ಲಿ ನಾನು ಕೋವಿಶೀಲ್ಡ್‌ನ ಮೊದಲ ಡೋಸ್ ಪಡೆದೆ. ಎರಡನೆಯದರ ದಿನಾಂಕ ಹತ್ತಿರ ಬಂದಾಗ, ಅಕ್ಟೋಬರ್ ಮೊದಲ ವಾರದಲ್ಲಿ, ನನಗೆ ಕೋವಿಡ್ ಬಂತು. ಲಸಿಕಾ ಕೇಂದ್ರದಲ್ಲಿ ವಿಚಾರಿಸಿದಾಗ, ಗುಣವಾದ ಮೂರು ತಿಂಗಳ ನಂತರ ಬನ್ನಿ ಎಂದರು. ನಿಯಮ ಹಾಗೆಯೇ ಇತ್ತು, ಅವರದು ತಪ್ಪಲ್ಲ. ಅಷ್ಟರಲ್ಲಿ ಬೆಂಗಳೂರಿನಲ್ಲಿ ಒಮೈಕ್ರಾನ್ ಕಾಣಿಸಿಕೊಂಡ ಮರುದಿನ, ಡಿಸೆಂಬರ್ 3ರಂದು, ಮಾಲ್‌ಗಳಿಗೂ ಚಿತ್ರಮಂದಿರಗಳಿಗೂ ಎರಡು ಡೋಸ್ ಪಡೆದವರಿಗೆ ಮಾತ್ರ ಪ್ರವೇಶ ಎಂದು ರಾಜ್ಯ ಸರ್ಕಾರ ಪ್ರಕಟಿಸಿತು. ಮಗಳಿಗೆ ಶೂ ಕೊಡಿಸಲು ಹೋದ ನನ್ನನ್ನು ಮಾಲೊಂದರ ಕಾವಲುಗಾರ ಬಾಗಿಲಲ್ಲೇ ನಿಲ್ಲಿಸಿದ. ನನ್ನ ಮೊಬೈಲಿನಲ್ಲಿ ಒಂದು ಡೋಸಿನ ಪ್ರಮಾಣಪತ್ರವೂ ಎಂಟು ವಾರ ಹಳೆಯ ಪಾಸಿಟಿವ್ ವರದಿಯೂ ಇದ್ದವು. ಅಧ್ಯಾಪಕರ ಲೆಕ್ಕದಲ್ಲಿ ನೋಡಿದರೆ ಆ ಬಾಗಿಲಿನಲ್ಲಿ ಅವತ್ತು ನಿಂತವರ ಪೈಕಿ ಹೆಚ್ಚು ರಕ್ಷಣೆ ಇದ್ದವರಲ್ಲಿ ನಾನೊಬ್ಬನಾಗಿದ್ದಿರಬೇಕು. ಸರ್ಕಾರದ ಒಂದು ಸೂಚನೆ ಡೋಸ್ ಹಾಕಿಸಿಕೊಳ್ಳಬೇಡ ಎನ್ನುತ್ತಿತ್ತು, ಇನ್ನೊಂದು ಹಾಕಿಸಿಕೊಳ್ಳದಿದ್ದರೆ ಒಳಗೆ ಬರಬೇಡ ಎನ್ನುತ್ತಿತ್ತು. ಮಗಳೂ ಅವಳಮ್ಮನೂ ಒಳಗೆ ಹೋಗಿ ಶೂ ತಂದರು. ನಾನು ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ ಕಡಲೆಕಾಯಿ ತಿಂದೆ.

ಇದು ಅನಿವಾರ್ಯವಾಗಿತ್ತೇ? ಆಗಿರಲಿಲ್ಲ. ಯೂರೋಪಿನ ಒಕ್ಕೂಟದ ಕೋವಿಡ್ ಪ್ರಮಾಣಪತ್ರದಲ್ಲಿ ಲಸಿಕೆ, ಪರೀಕ್ಷೆ ಇವುಗಳ ಜೊತೆಗೆ ಗುಣವಾದವರೆಂಬ ಮೂರನೆಯ ವರ್ಗವೂ ಇತ್ತು, ಅದು 180 ದಿನ ಚಾಲ್ತಿಯಲ್ಲಿರುತ್ತಿತ್ತು. ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2021ರ ಜೂನ್–ಜುಲೈನಲ್ಲಿ ನಡೆಸಿದ, ರಕ್ತದಲ್ಲಿ ಪ್ರತಿಕಾಯಗಳಿವೆಯೇ ಎಂದು ನೋಡುವ ನಾಲ್ಕನೇ ಸೆರೋ ಸಮೀಕ್ಷೆಯಲ್ಲಿ ಆರು ವರ್ಷ ಮೇಲ್ಪಟ್ಟವರಲ್ಲಿ ಶೇ 67.6ರಷ್ಟು ಮಂದಿಗೆ ಪ್ರತಿಕಾಯಗಳು ಕಂಡುಬಂದಿದ್ದವು. ಲಸಿಕೆಯೇ ಸಿಗದಿದ್ದ ಮಕ್ಕಳಲ್ಲಿಯೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇದ್ದವು. ದೇಶದ ಬಹುಪಾಲು ಜನರಿಗೆ ಸೋಂಕು ತಗುಲಿ ಹೋಗಿದೆ ಎಂದು ಸರ್ಕಾರದ ಸಂಸ್ಥೆಯೇ ತೋರಿಸಿಕೊಟ್ಟಿತ್ತು. ಆಡಳಿತದ ಕಡೆಯ ಸಮಜಾಯಿಷಿಯೂ ನನಗೆ ಅರ್ಥವಾಗುತ್ತದೆ: ಸೋಂಕು ತಗುಲಿದ ಬಹುತೇಕರು ಪರೀಕ್ಷೆಯನ್ನೇ ಮಾಡಿಸಿರಲಿಲ್ಲವಾದ್ದರಿಂದ ಯಾರಿಗೆ ಬಂದಿತ್ತು, ಯಾರಿಗಿಲ್ಲ ಎಂದು ವಿಂಗಡಿಸುವುದಕ್ಕಿಂತ ಎಲ್ಲರಿಗೂ ಹಾಕಿಬಿಡುವುದು ಸುಲಭ. ಹಾಗಿದ್ದರೆ ಸುಲಭವೆಂಬ ಕಾರಣಕ್ಕೆ ಹಾಗೆ ಮಾಡುತ್ತಿದ್ದೇವೆ ಎಂದು ಹೇಳಬಹುದಿತ್ತು. ಅದನ್ನು ಹೇಳದೆ, ನೈಸರ್ಗಿಕ ರೋಗನಿರೋಧಕ ಶಕ್ತಿ ಎಂದು ಬಾಯಿಬಿಟ್ಟವರನ್ನೆಲ್ಲ ಲಸಿಕೆಯ ವೈರಿಗಳ ಸಾಲಿಗೆ ಸೇರಿಸಿದ್ದರಿಂದ, ನಿಮ್ಮ ಅಣ್ಣನವರಂಥವರು ಲಸಿಕೆಯ ವಿಷಯದಲ್ಲಿ ಸರ್ಕಾರ ಹೇಳಿದ ನಿಜವನ್ನೂ ನಂಬದಂತಾದರು.

ಬೂಸ್ಟರ್ ಬಗ್ಗೆ ತಜ್ಞರಲ್ಲೇ ಒಮ್ಮತವಿರಲಿಲ್ಲ ಎಂಬುದನ್ನೂ ನೆನಪಿಸಬೇಕು. ಇಸ್ರೇಲ್ 2021ರ ಜುಲೈ ಕೊನೆಯಲ್ಲಿ 60 ದಾಟಿದವರಿಗೆ ಮೂರನೇ ಡೋಸ್ ಆರಂಭಿಸಿತು. ಬಡ ದೇಶಗಳಿಗೆ ಮೊದಲ ಡೋಸೇ ಸಿಕ್ಕಿಲ್ಲ, ಸೆಪ್ಟೆಂಬರ್ ಕೊನೆಯವರೆಗಾದರೂ ಬೂಸ್ಟರ್ ನಿಲ್ಲಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರು ಆಗಸ್ಟ್ 4ರಂದು ಕೇಳಿಕೊಂಡರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಯ ಲಸಿಕಾ ವಿಭಾಗದ ಇಬ್ಬರು ಹಿರಿಯ ಅಧಿಕಾರಿಗಳಾದ ಮರಿಯನ್ ಗ್ರೂಬರ್ ಮತ್ತು ಫಿಲಿಪ್ ಕ್ರೌಸ್ ಸಂಸ್ಥೆ ಬಿಡುವುದಾಗಿ ಪ್ರಕಟವಾದ ಎರಡೇ ವಾರಗಳಲ್ಲಿ, ಎಲ್ಲರಿಗೂ ಬೂಸ್ಟರ್ ಬೇಕೆಂಬುದಕ್ಕೆ ಸಾಕಷ್ಟು ಆಧಾರವಿಲ್ಲವೆಂದು ವಾದಿಸುವ ಲೇಖನಕ್ಕೆ ಸಹಿ ಹಾಕಿದರು. ಸೆಪ್ಟೆಂಬರ್ 17ರಂದು ಅದೇ ಸಂಸ್ಥೆಯ ಸಲಹಾ ಸಮಿತಿ 16 ವರ್ಷ ಮೇಲ್ಪಟ್ಟ ಎಲ್ಲರಿಗೂ ಕೊಡುವ ಪ್ರಸ್ತಾವವನ್ನು 16–2 ಮತಗಳಿಂದ ತಿರಸ್ಕರಿಸಿ, 65 ದಾಟಿದವರಿಗೆ ಮತ್ತು ಅಪಾಯ ಹೆಚ್ಚಿರುವವರಿಗೆ ಕೊಡುವುದನ್ನು ಸರ್ವಾನುಮತದಿಂದ ಒಪ್ಪಿತು. ವಯಸ್ಸಿನ ಮೇಲೆ ಗೆರೆ ಎಳೆಯಬೇಕೆಂಬ ಮಾತು ಆಗಲೇ ಮೇಜಿನ ಮೇಲಿತ್ತು.

ನಮ್ಮ ಸುಪ್ರೀಂ ಕೋರ್ಟ್ 2022ರ ಮೇ 2ರಂದು ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ, ಲಸಿಕೆ ಹಾಕಿಸಿಕೊಳ್ಳುವಂತೆ ಯಾರನ್ನೂ ಬಲವಂತಪಡಿಸುವಂತಿಲ್ಲ, ದೇಹದ ಮೇಲಿನ ಹಕ್ಕು ಸಂವಿಧಾನದ 21ನೇ ವಿಧಿಯಲ್ಲಿ ಅಡಕವಾಗಿದೆ ಎಂದಿತು. ವಾಟ್ಸಾಪ್‌ನಲ್ಲಿ ತೀರ್ಪಿನ ಈ ಅರ್ಧ ಮಾತ್ರ ಓಡಾಡುತ್ತದೆ. ಕೇಂದ್ರದ ಲಸಿಕಾ ನೀತಿ ಅಸಮಂಜಸವೆನ್ನಲು ಬರುವುದಿಲ್ಲ ಎಂದು ಅದೇ ತೀರ್ಪು ಹೇಳಿದ್ದನ್ನು ನನ್ನ ಕಕ್ಷಿದಾರರಿಗೆ ನಾನು ಓದಿ ಹೇಳಿದಾಗ ಅವರ ಮುಖ ಸಣ್ಣದಾಗುತ್ತದೆ.

ಉತ್ತರ: ಸಾಗರ ತಾಲ್ಲೂಕಿನವಳು

ಬೂಸ್ಟರ್ ಎಂಬ ಮಾತನ್ನು ಕರ್ನಾಟಕದ ಉಳಿದ ಜನ 2021ರಲ್ಲಿ ಕೇಳಿದರು. ನಮ್ಮ ಕಡೆ ಅದು ಮೊದಲೇ ಇತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಉಣುಗು ಕಚ್ಚುವುದರಿಂದ ಬರುವ ಮಂಗನ ಕಾಯಿಲೆಗೆ ಕೊಡುತ್ತಿದ್ದ ಲಸಿಕೆಯ ಕ್ರಮ ಹೀಗಿತ್ತು: ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳೊಳಗೆ ಬೂಸ್ಟರ್, ಆಮೇಲೆ ಐದು ವರ್ಷಗಳ ಕಾಲ ವರ್ಷಕ್ಕೊಂದು ಬೂಸ್ಟರ್. ಕೇಳುವಾಗ ಸುಲಭ. ಆ ಸೂಜಿ ಚುಚ್ಚಿದ ಜಾಗದ ಉರಿ ಅನುಭವಿಸಿದವರಿಗೆ ಗೊತ್ತು. ಅಡಿಕೆಯ ಕೊನೆ ಕೊಯ್ಲಿನ ದಿನಗಳಲ್ಲಿ ತೋಳು ಊದಿಸಿಕೊಂಡು ಕೂರಲು ಯಾರಿಗೂ ಪುರುಸೊತ್ತಿರುವುದಿಲ್ಲ. ಆಶಾ ಕಾರ್ಯಕರ್ತೆ ಪಟ್ಟಿ ಹಿಡಿದು ಅಂಗಳಕ್ಕೆ ಬಂದರೆ ಗಂಡಸರು ಹಿತ್ತಿಲ ಬಾಗಿಲಿನಿಂದ ತೋಟಕ್ಕೆ ಇಳಿಯುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಮೊದಲ ಡೋಸಿಗೆ ಇದ್ದ ಸಾಲು ಎರಡನೆಯದಕ್ಕೆ ಕರಗುತ್ತಿತ್ತು, ಬೂಸ್ಟರಿಗೆ ಬೆರಳೆಣಿಕೆಯ ಮಂದಿ. 2005ರಿಂದ 2010ರವರೆಗಿನ ಲೆಕ್ಕವನ್ನು ಪರಿಶೀಲಿಸಿದ ಅಧ್ಯಯನವೊಂದರಲ್ಲಿ, ಒಂದೇ ಡೋಸ್ ಪಡೆದವರಿಗೆ ರಕ್ಷಣೆಯೇ ಕಾಣಲಿಲ್ಲ, ಎರಡು ಡೋಸಿಗೆ ಶೇ 62ರಷ್ಟು, ಬೂಸ್ಟರನ್ನೂ ಪಡೆದವರಿಗೆ ಶೇ 83ರಷ್ಟು ಎಂದು ಕಂಡುಬಂತು. ಅಂದರೆ ನಮ್ಮಲ್ಲಿ ಬಹುಜನ ಉರಿಯನ್ನು ಪಡೆದು, ರಕ್ಷಣೆ ಸಿಗುವ ಮೊದಲೇ ನಿಲ್ಲಿಸಿಬಿಟ್ಟಿದ್ದರು. ಕೊನೆಗೆ ಆ ಲಸಿಕೆಯಲ್ಲಿ ಹುರುಳಿಲ್ಲವೆಂದು 2022ರಲ್ಲಿ ಕೊಡುವುದನ್ನೇ ನಿಲ್ಲಿಸಿದರು. ಹೊಸದೊಂದನ್ನು ಐಸಿಎಂಆರ್ ಮತ್ತು ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸೇರಿ ಸಿದ್ಧಪಡಿಸುತ್ತಿವೆ. ಅಲ್ಲಿಯವರೆಗೆ ಉಣುಗು ಹತ್ತದಂತೆ ಮೈಗೆ ಹಚ್ಚುವ ಎಣ್ಣೆಯೇ ಗತಿ.

ನೈಸರ್ಗಿಕ ಶಕ್ತಿಯ ಮಾತು ನಮ್ಮಲ್ಲೂ ಇದೆ. ಒಮ್ಮೆ ಬಂದು ಹೋದವನಿಗೆ ಉಣುಗು ಕಚ್ಚಿದರೂ ಭಯವಿಲ್ಲ ಎನ್ನುತ್ತಾರೆ, ಅದರಲ್ಲಿ ಸುಳ್ಳೂ ಇರಲಾರದು. 2018ರ ಕೊನೆಯಲ್ಲಿ ಅರಳಗೋಡು ಭಾಗದಲ್ಲಿ ಕಾಯಿಲೆ ಎದ್ದ ಆ ಚಳಿಗಾಲ ನಮ್ಮ ಹತ್ತಿರದ ಬಂಧುಗಳ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಒಂದೇ ಬೆಟ್ಟಕ್ಕೆ ತರಗೆಲೆ ತರಲು ಹೋಗುತ್ತಿದ್ದರು. ಇಬ್ಬರಿಗೂ ಜ್ವರ ಬಂತು. ಚಿಕ್ಕಪ್ಪ ಮೂರು ವಾರಕ್ಕೆ ಎದ್ದು ಕೂತರು. ಅವರಿಗೆ ಈಗ ಆ ನೈಸರ್ಗಿಕ ಶಕ್ತಿ ಇದೆ, ಎಣ್ಣೆ ಹಚ್ಚದೆ ಬೆಟ್ಟಕ್ಕೆ ಹೋಗುತ್ತಾರೆ. ಚಿಕ್ಕಮ್ಮ ಆಸ್ಪತ್ರೆಯಿಂದ ಮರಳಲಿಲ್ಲ. ಆದ್ದರಿಂದ ಪ್ರಶ್ನೆ ಕೇಳಿದವರಿಗೆ ನನ್ನ ವಿನಂತಿ ಇಷ್ಟೆ: ನಿಮ್ಮ ತಂದೆಯವರಲ್ಲಿ ಈಗಾಗಲೇ ಇರುವ ಶಕ್ತಿಯನ್ನು ಖಂಡಿತ ಲೆಕ್ಕಕ್ಕೆ ಹಿಡಿಯಿರಿ. ಇನ್ನೂ ರೋಗವೇ ಬಾರದವರಿಗೆ ಅದನ್ನೊಂದು ಮಾರ್ಗವೆಂಬಂತೆ ಯಾರಾದರೂ ಹೇಳಿದರೆ ಮಾತ್ರ ಒಪ್ಪಬೇಡಿ.

ಉತ್ತರ: ಹಾಸನದಿಂದ

ಲೆಕ್ಕಗಳೆಲ್ಲ ಸರಿ. ಆದರೆ 2025ರಲ್ಲಿ ನಮ್ಮ ಜಿಲ್ಲೆಯಲ್ಲಿ ಚಿಕ್ಕ ವಯಸ್ಸಿನವರು ಹೃದಯಾಘಾತದಿಂದ ಸಾಯುತ್ತಿದ್ದಾರೆಂದು ದಿನವೂ ಸುದ್ದಿ ಬರುತ್ತಿದ್ದಾಗ, ಲಸಿಕೆಗೆ ಅವಸರದಲ್ಲಿ ಒಪ್ಪಿಗೆ ಕೊಟ್ಟದ್ದೂ ಕಾರಣವಾಗಿರಬಹುದೆಂದು ಜುಲೈ 1ರಂದು ಮುಖ್ಯಮಂತ್ರಿಗಳೇ ಹೇಳಿದರಲ್ಲ? ಅದಕ್ಕೂ ಹಿಂದಿನ ವರ್ಷ ಕೋವಿಶೀಲ್ಡ್‌ನ ಮೂಲ ಕಂಪನಿಯೇ ರಕ್ತ ಹೆಪ್ಪುಗಟ್ಟುವ ತೊಂದರೆಯನ್ನು ಲಂಡನ್ನಿನ ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. ಇಷ್ಟಾದ ಮೇಲೂ 71 ವರ್ಷದವರಿಗೆ ಇನ್ನೊಂದು ಡೋಸಿನ ಬಗ್ಗೆ ಯೋಚಿಸಿ ಎಂದು ಹೇಳುವುದು ಹೇಗೆ?

ಉತ್ತರ: ನಿವೃತ್ತ ಸೂಕ್ಷ್ಮಜೀವಿಶಾಸ್ತ್ರ ಅಧ್ಯಾಪಕ

ನಿಮ್ಮ ಭಯವನ್ನು ತಳ್ಳಿಹಾಕುವುದಿಲ್ಲ. ಕಡಿಮೆ ಪ್ಲೇಟ್‌ಲೆಟ್‌ಗಳೊಂದಿಗೆ ರಕ್ತ ಹೆಪ್ಪುಗಟ್ಟುವ ತೊಂದರೆ ಆ ಲಸಿಕೆಯ ನಿಜವಾದ, ಅತಿ ವಿರಳವಾದ ದುಷ್ಪರಿಣಾಮ. ವೈದ್ಯಲೋಕಕ್ಕೆ ಅದು 2021ರ ವಸಂತದಿಂದಲೇ ಗೊತ್ತಿತ್ತು. 2024ರಲ್ಲಿ ಸುದ್ದಿಯಾದದ್ದು ನ್ಯಾಯಾಲಯದ ಕಾಗದ. ಅದು ಹೆಚ್ಚಾಗಿ ಮೊದಲ ಡೋಸಿನ ನಂತರದ ಕೆಲವೇ ವಾರಗಳಲ್ಲಿ ಕಾಣಿಸಿಕೊಳ್ಳುತ್ತದೆ. ನಾಲ್ಕು ವರ್ಷದ ಹಿಂದೆ ಹಾಕಿಸಿಕೊಂಡು ಸುಮ್ಮನಿದ್ದವರಲ್ಲಿ ಇಂದು ಏಕಾಏಕಿ ಏಳುವಂಥದ್ದಲ್ಲ. ಹಠಾತ್ ಸಾವಿನ ಬಗ್ಗೆ ಐಸಿಎಂಆರ್ 47 ಆಸ್ಪತ್ರೆಗಳಲ್ಲಿ ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. 18ರಿಂದ 45 ವರ್ಷದೊಳಗಿನ 729 ಸಾವುಗಳನ್ನು 2,916 ಮಂದಿಯೊಡನೆ ಹೋಲಿಸಿ ನೋಡಿದಾಗ ಲಸಿಕೆಯಿಂದ ಅಪಾಯ ಹೆಚ್ಚಿದ್ದು ಕಾಣಲಿಲ್ಲ, ಎರಡು ಡೋಸ್ ಪಡೆದವರಲ್ಲಿ ಸಂಭವ ಕಡಿಮೆಯೇ ಇತ್ತು. ಅಪಾಯ ಹೆಚ್ಚಿದ್ದು ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದವರಲ್ಲಿ, ಕುಟುಂಬದಲ್ಲಿ ಅಂಥ ಸಾವು ಕಂಡವರಲ್ಲಿ, ಸಾವಿಗೆ ಮುಂಚಿನ ಎರಡು ದಿನಗಳಲ್ಲಿ ಅತಿಯಾಗಿ ಕುಡಿದವರಲ್ಲಿ ಅಥವಾ ಮಿತಿಮೀರಿ ದೈಹಿಕ ಶ್ರಮ ಮಾಡಿದವರಲ್ಲಿ. ಹಾಸನದ ಸುದ್ದಿಯ ಸಂದರ್ಭದಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ರಾಜ್ಯ ಸರ್ಕಾರವೇ ನೇಮಿಸಿದ್ದ ಸಮಿತಿಗೂ ಲಸಿಕೆಯ ನಂಟು ಸಿಗಲಿಲ್ಲ. ಮೊದಲಿನ ಮಾತು ಹರಡಿದ ವೇಗದಲ್ಲಿ ಸಮಿತಿಯ ವರದಿ ಹರಡಲಿಲ್ಲ, ಅಷ್ಟೆ.

ಬೂಸ್ಟರ್ ಬೇಕೇ ಎಂಬುದಕ್ಕೆ ಜಗತ್ತು ಈಗ ಬಂದು ನಿಂತಿರುವ ಜಾಗ ವಕೀಲರು ಹೇಳಿದ 2021ರ ಎಫ್‌ಡಿಎ ಸಮಿತಿಯ ಮತದಾನಕ್ಕೆ ಹತ್ತಿರದಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ 2023ರ ಮಾರ್ಚ್‌ನಲ್ಲೇ ವೃದ್ಧರನ್ನೂ ರೋಗನಿರೋಧಕ ಶಕ್ತಿ ಕುಂದಿದವರನ್ನೂ ಸಕ್ಕರೆ ಕಾಯಿಲೆಯಂಥ ತೊಂದರೆ ಗಣನೀಯವಾಗಿ ಇರುವವರನ್ನೂ ಮೊದಲ ಸಾಲಿನಲ್ಲಿಟ್ಟು, ಆರೋಗ್ಯವಂತ ವಯಸ್ಕರಿಗೆ ಮೊದಲ ಬೂಸ್ಟರಿನ ನಂತರ ಪದೇ ಪದೇ ಕೊಡಬೇಕೆಂದು ಹೇಳುವುದನ್ನು ಬಿಟ್ಟಿತು. ಬ್ರಿಟನ್ 2025ರ ಶರತ್ಕಾಲದಲ್ಲಿ ವಯಸ್ಸಿನ ಗೆರೆಯನ್ನು 65ರಿಂದ 75ಕ್ಕೆ ಏರಿಸಿತು. ಭಾರತದಲ್ಲಿ ಜನ ಮೊದಲೇ ತೀರ್ಪು ಕೊಟ್ಟಿದ್ದರು: ಎರಡನೇ ಡೋಸ್ 95 ಕೋಟಿ ದಾಟಿದ್ದರೆ ಮುನ್ನೆಚ್ಚರಿಕೆ ಡೋಸ್ 22 ಕೋಟಿಯ ಆಸುಪಾಸಿನಲ್ಲಿ ನಿಂತಿತು. ನನ್ನ ತಕರಾರು ಇರುವುದು ಆ ಸಂಖ್ಯೆ ಚಿಕ್ಕದೆಂದಲ್ಲ. ಆ 22 ಕೋಟಿಯಲ್ಲಿ ಇಪ್ಪತ್ತೈದರ ಯುವಕರು ಸೇರಿ, ಪ್ರಶ್ನೆ ಕೇಳಿದವರ ತಂದೆಯಂಥವರು ಹೊರಗುಳಿದರು ಎಂಬುದರಲ್ಲಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಅಧ್ಯಾಪಕರ ಮರುಪ್ರಶ್ನೆಗೆ ಉತ್ತರ ಹುಡುಕಲು ಎರಡು ದಿನ ಹಿಡಿಯಿತು. 2022ರ ಜನವರಿಯಲ್ಲಿ ತಂದೆಯವರು ನಮ್ಮ ಜೊತೆಗೇ ಇದ್ದರು. ಅವರಿಗೆ ಏನೂ ಆಗಿರಲಿಲ್ಲ ಎಂದು ನಾವೆಲ್ಲ ನಂಬಿದ್ದೆವು, ಅವರೂ ಹಾಗೆಯೇ ಹೇಳಿದರು. ಆದರೆ ಅವರಿಗೆ ಬೆಳಗಿನ ಸಕ್ಕರೆಯ ಮಟ್ಟವನ್ನು ಬರೆದಿಡುವ ಅಭ್ಯಾಸವಿದೆ. ಅತ್ತಿಗೆ ಹಳೆಯ ನೋಟ್‌ಬುಕ್ ತೆಗೆದು ನೋಡಿದರು. ದಿನವೂ 130, 138 ಎಂದು ಸಾಗುತ್ತಿದ್ದ ಸಾಲಿನಲ್ಲಿ ಜನವರಿ 19ರಂದು 212, ಮರುದಿನ 204, ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ "ಮೈ ಬಿಸಿ, ಕಷಾಯ" ಎಂದಿತ್ತು. ನನಗೆ ಪಾಸಿಟಿವ್ ಬಂದದ್ದು 16ರಂದು.

ಪರೀಕ್ಷೆ ಮಾಡಿಸಿರದಿದ್ದುದರಿಂದ ಅದು ಕೋವಿಡ್ಡೇ ಎಂದು ಹೇಳಲು ಬರುವುದಿಲ್ಲವಾದರೂ ನಮ್ಮ ಡಾಕ್ಟರು ನೋಟ್‌ಬುಕ್ ನೋಡಿ ನಕ್ಕು, ಇರಬಹುದು ಎಂದರು. ಹಾಗಿದ್ದರೆ ಲಸಿಕೆ ಇಲ್ಲದೆ ಬಂದ ಮೊದಲ ಸಲ ಒಂಬತ್ತು ದಿನ ಆಕ್ಸಿಜನ್, ರೋಗವೂ ಎರಡು ಡೋಸುಗಳೂ ಆದ ಮೇಲೆ ಎರಡು ದಿನ ಕಷಾಯ. ಮೂರನೇ ಡೋಸಿನ ಬಗ್ಗೆ ಕೇಳಿದಾಗ, ವಯಸ್ಸು ಮತ್ತು ಸಕ್ಕರೆಯ ಕಾರಣಕ್ಕೆ ಹಾಕಿಸಿಕೊಂಡರೆ ತಪ್ಪಿಲ್ಲ, ಆದರೆ ಅದಕ್ಕಿಂತ ಮೊದಲು ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳನ್ನು ಮುಗಿಸಿ, ಅವೆರಡನ್ನೂ ಇವರು ಒಮ್ಮೆಯೂ ಹಾಕಿಸಿಕೊಂಡಿಲ್ಲವಲ್ಲ ಎಂದು ಅವರು ನಮ್ಮನ್ನೇ ಗದರಿದರು.

ಅಣ್ಣ ನೋಟ್‌ಬುಕ್ಕಿನ ಆ ಪುಟವನ್ನು ಬಹಳ ಹೊತ್ತು ನೋಡಿ, ಎರಡನೇ ಜ್ವರವನ್ನು ಹಗುರ ಮಾಡಿದ್ದು ರೋಗವೋ ಲಸಿಕೆಯೋ ಎಂದು ಕೇಳಿದ. ಅತ್ತಿಗೆ, ಮೊದಲು ಸೋಮವಾರ ಮಾವನವರನ್ನು ಫ್ಲೂ ಲಸಿಕೆಗೆ ಯಾರು ಕರೆದುಕೊಂಡು ಹೋಗುತ್ತೀರಿ ಹೇಳಿ ಎಂದರು. ಅಣ್ಣ ರಜೆ ಹಾಕಿದ್ದಾನೆ.